ಎರಡು ಬೆರಳು ಕಡಿಮೆ

ದೇವಲಾಪುರ
೧೨-೬-೧೯೯೪

ಪ್ರೀತಿಯ ಅಣ್ಣ ಮೌನೇಶನಿಗೆ ನಿನ್ನ ತಂಗಿ ರಾಧಾಮಣಿಯ ನಮಸ್ಕಾರ. ಅತ್ತಿಗೆ ಸೋಮಮ್ಮನಿಗೂ ತಿಳಿಸು.

ಮದುವೆಯಾಗಿ ಹದಿನೆಂಟು ದಿನವಾಯಿತು, ಒಂದು ಕಾಗದ ಹಾಕಲಿಲ್ಲ ಅಂತ ಬೈದುಕೊಳ್ಳುತ್ತಿರುತ್ತೀಯ. ಇಲ್ಲಿ ಹೊಸ ಸೊಸೆ ಪೆನ್ನು ಹಿಡಿದರೆ ಬೀದಿಯವರೆಲ್ಲ ಬಂದು ಬಗ್ಗಿ ನೋಡುತ್ತಾರೆ. ಇವತ್ತು ಎಲ್ಲರೂ ಯಾರದೋ ನಾಮಕರಣಕ್ಕೆ ಹೋಗಿದ್ದಾರೆ, ಅದಕ್ಕೆ ಕೂತೆ.

ನಮ್ಮತ್ತೆ ಮೂಗಮ್ಮನವರು ಹೆಸರಿಗಷ್ಟೇ ಮೂಗಮ್ಮ, ಬಾಯಿ ಬಲು ಜೋರು. ಆದರೆ ಒಳ್ಳೆಯವರು ಅಣ್ಣ. ಮಂಗಳವಾರ, ಶುಕ್ರವಾರ ಹರಳೆಣ್ಣೆ ಕಾಯಿಸಿ ನನ್ನ ಎಡಗಾಲಿಗೆ ತಾವೇ ತಿಕ್ಕುತ್ತಾರೆ. "ಬುಡಿ ಅತ್ತೆ, ನಾನೇ ಅಚ್ಕತೀನಿ" ಅಂದರೆ "ಸುಮ್ಕಿರವ್ವ, ನಿಂಗೇನ್ ಗೊತ್ತು" ಅಂತ ಗದರುತ್ತಾರೆ. ಎರಡು ವರ್ಷದವಳಿದ್ದಾಗ ಪೋಲಿಯೋ ಹೊಡೆದ ಕಾಲು. ಇಪ್ಪತ್ತನಾಲ್ಕು ವರ್ಷದ ಮೇಲೆ ಎಣ್ಣೆ ತಿಕ್ಕಿದರೆ ಏನು ಬಂದೀತು? ಆದರೂ ಅಮ್ಮ ಸತ್ತ ಮೇಲೆ ಆ ಕಾಲನ್ನು ಯಾರೂ ಮುಟ್ಟಿರಲಿಲ್ಲ. ಮೊದಲ ದಿನ ನನಗೆ ಅಳುವೇ ಬಂದುಬಿಟ್ಟಿತು. ನೀನು ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಹೇಳಿ, ಒಪ್ಪಿಸಿ ಈ ಮನೆಗೆ ಕೊಟ್ಟೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ.

ನಮ್ಮ ಯಜಮಾನರು ಬೆಳಗ್ಗೆಯಿಂದ ಸಂಜೆವರೆಗೆ ಜಗಲಿಯಲ್ಲಿ ಕೂತು ಓಲೆ, ಮೂಗುತಿ ಮಾಡುತ್ತಾರೆ. ಮಾತು ಕಡಿಮೆ. ಊಟಕ್ಕೆ ಕರೆದರೆ ಮಾತ್ರ ಬೇಗ ಬರುತ್ತಾರೆ.

ಈಗ ಮುಖ್ಯ ವಿಷಯ. ಅಪ್ಪ ಮಾಡಿಕೊಟ್ಟ ಊರುಗೋಲು ಇನ್ನು ಬಾಳುವುದಿಲ್ಲ. ಕೆಳಗಿನ ರಬ್ಬರು ಸವೆದುಹೋಗಿದೆ, ಮರ ನಡುವೆ ಸೀಳು ಬಿಟ್ಟಿದೆ. ಈ ಊರೋ ಬರೀ ಕಲ್ಲು. ಗಂಜಾಂನಿಂದ ಪೇಟೆಯವರೆಗೆ ಒಬ್ಬಳೇ ಹೋಗಿ ಬರುತ್ತಿದ್ದವಳು ಇಲ್ಲಿ ಬೀದಿ ಕೊಳಾಯಿಗೆ ಹೋಗಲು ಹೆದರುತ್ತೇನೆ. ಹೊಸದೊಂದು ಮಾಡಿ ಕಳಿಸು ಅಣ್ಣ. ಕಂಕುಳಿಂದ ನೆಲಕ್ಕೆ ಅಳತೆ ತೆಗೆದ ದಾರ ಈ ಲಕೋಟೆಯಲ್ಲಿದೆ, ಎರಡು ತುದಿಗೂ ಗಂಟು ಹಾಕಿದ್ದೇನೆ. ಅಂಥದೇ ಇನ್ನೊಂದು ನನ್ನ ಹತ್ತಿರ ಇದೆ. ಕೋಲು ಬಂದ ದಿನ ಸಂತೆಗೆ ನಾನೇ ಹೋಗಿ ತರಕಾರಿ ತರುತ್ತೇನೆ, ನೋಡುತ್ತಿರು.

ನಿನ್ನ ತಂಗಿ
ರಾಧಾ


ಗಂಜಾಂ, ಶ್ರೀರಂಗಪಟ್ಟಣ
೩-೭-೧೯೯೪

ಸೌಭಾಗ್ಯವತಿ ರಾಧಾಮಣಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಕಾಗದ ಕೇಳಿ ಸೋಮಮ್ಮ ಕಣ್ಣೊರೆಸಿಕೊಂಡಳು. ಅಂಥ ಅತ್ತೆ ಸಿಕ್ಕಿದ್ದು ನಿನ್ನ ಪುಣ್ಯ. ಎಣ್ಣೆ ತಿಕ್ಕಿದರೆ ಬೇಡ ಅನ್ನಬೇಡ. ಏನು ಹೇಳಿದರೂ ಹೂಂ ಅನ್ನು. ಹಳೆಯ ಕಥೆಯನ್ನೆಲ್ಲ ಅವರ ಮುಂದೆ ತೆಗೆಯಬೇಡ. ಪೋಲಿಯೋ ಗೀಲಿಯೋ ಅಂದರೆ ಹುಟ್ಟುವ ಮಕ್ಕಳಿಗೂ ಬಂದೀತು ಅಂತ ಹೆದರುವ ಜನ ಇದ್ದಾರೆ. ಒಂದು ಸಲ ಗೊತ್ತಾದ ಮೇಲೆ ಮತ್ತೆ ಮತ್ತೆ ಕೆದಕಿದರೆ ಮನಸ್ಸು ಕೆಡುತ್ತದೆ.

ಕೋಲಿಗೆ ಹೊನ್ನೆ ಮರ ತೆಗೆದಿಟ್ಟಿದ್ದೇನೆ. ಇನ್ನೂ ಹಸಿ ಇದೆ. ಈಗಲೇ ಕೊಯ್ದರೆ ಸೊಟ್ಟಗಾಗುತ್ತದೆ, ಆಮೇಲೆ ಬಡಗಿಯ ತಂಗಿಗೆ ಸೊಟ್ಟ ಕೋಲು ಅಂತ ಜನ ನಗುತ್ತಾರೆ. ಅಷ್ಟರಲ್ಲಿ ದಿನಕ್ಕೆ ನಾಲ್ಕು ಹೆಜ್ಜೆ ಕೋಲಿಲ್ಲದೆ ಗೋಡೆ ಹಿಡಿದು ನಡೆದು ಅಭ್ಯಾಸ ಮಾಡು. ಒಳ್ಳೆಯದು.

ಮೌನೇಶ


ದೇವಲಾಪುರ
೨೧-೮-೧೯೯೪

ಅಣ್ಣನಿಗೆ ನಮಸ್ಕಾರ.

ಮರ ಒಣಗಿತೇ? ಕಾದು ಕಾದು ನಾನೇ ಒಣಗಿಹೋದೆ.

ಕೋಲಿನ ಸೀಳು ದೊಡ್ಡದಾಗಿತ್ತು. ಇವರು ಕೆಲಸ ಬಿಟ್ಟು ಅರ್ಧ ದಿನ ಕೂತು ಹಿತ್ತಾಳೆ ತಂತಿ ಸುತ್ತಿ ಬಿಗಿದುಕೊಟ್ಟರು. "ನಂಗೂ ಇಷ್ಟು ನಾಜೂಕಾಗಿ ಉಂಗುರ ತೊಡಿಸ್ಲಿಲ್ಲ ನೀವು" ಅಂದೆ. ಅಪರೂಪಕ್ಕೆ ನಕ್ಕರು. ಆಮೇಲೆ "ಇನ್ನೇನು ಸ್ವಲ್ಪ ದಿನಕ್ಕೆ ತಾನೆ, ಇಷ್ಟು ಸಾಕು ಬುಡು" ಅಂದರು. ಹೊಸ ಕೋಲು ಬರುತ್ತದಲ್ಲ, ಅದಕ್ಕೆ ಹೇಳಿರಬೇಕು. ನೀನು ನೋಡಿದರೆ ಕಳಿಸುವ ಹಾಗೇ ಕಾಣುತ್ತಿಲ್ಲ.

ನೀನು ಹೇಳಿದ ಹಾಗೆ ಗೋಡೆ ಹಿಡಿದು ನಡೆಯಲು ಹೋಗಿ ಎರಡು ಸಲ ಕುಸಿದೆ. ಅತ್ತೆಗೆ ಮಾತ್ರ ನಾನು ನಡೆಯಲು ನೋಡುವುದೇ ಖುಷಿಯೋ ಖುಷಿ. ದಿನಾ ಸಂಜೆ "ಇವತ್ತೆಷ್ಟ್ ಎಜ್ಜೆ ಆಯ್ತವ್ವ?" ಅಂತ ಕೇಳುತ್ತಾರೆ. ಮೊನ್ನೆ ಪಕ್ಕದ ಮನೆಯ ಅಣ್ಣಮ್ಮನಿಗೆ "ಯುಗಾದಿಗೆ ನೋಡ್ತಿರು, ನನ್ ಸೊಸೆ ಕೊಳಾಯಿಂದ ಬಿಂದಿಗೆ ಒತ್ಕಂಡ್ ಬತ್ತಾಳೆ" ಅಂದರು. ತಮಾಷೆಗೆ ಹೇಳುತ್ತಿದ್ದಾರೆ ಅಂತ ನಾನು ನಕ್ಕೆ. ಅವರು ನಗಲಿಲ್ಲ. ನನಗೆ ಸ್ವಲ್ಪ ಇರಿಸುಮುರಿಸಾಯಿತು.

ಕೋಲು ಬೇಗ ಕಳಿಸು. ಕಾಲಿಲ್ಲದಿದ್ದರೂ ಇರಬಲ್ಲೆ, ಕೋಲಿಲ್ಲದೆ ಆಗುವುದಿಲ್ಲ ಅಂತ ನಿನಗೆ ನಾನು ಹೇಳಬೇಕೇ?

ರಾಧಾ


ಗಂಜಾಂ
೨೫-೯-೧೯೯೪

ರಾಧಾಮಣಿಗೆ ಆಶೀರ್ವಾದ. ಪಾಂಡವಪುರದಲ್ಲಿ ಒಂದು ಮನೆಯ ಬಾಗಿಲು ಕಿಟಕಿ ಪೂರ್ತಿ ನನ್ನ ಮೇಲೆ ಬಿದ್ದಿದೆ, ಪುರುಸೊತ್ತಿಲ್ಲ. ಆಯುಧಪೂಜೆ ಮುಗಿಯಲಿ, ಕರಿಯಯ್ಯ ಮಾವನ ಕೈಯಲ್ಲಿ ಕೋಲು ಕಳಿಸುತ್ತೇನೆ. ನಡೆಯುವ ಅಭ್ಯಾಸ ಬಿಡಬೇಡ.
ಮೌನೇಶ


ದೇವಲಾಪುರ
೬-೧೧-೧೯೯೪

ಅಣ್ಣನಿಗೆ ನಮಸ್ಕಾರ.

ದೀಪಾವಳಿಯ ದಿನ ಕರಿಯಯ್ಯ ಮಾವ ಕೋಲು ತಂದುಕೊಟ್ಟರು. ಎಂಥ ಕೆಲಸ ಅಣ್ಣ! ಹಿಡಿಯಲ್ಲಿ ಬೆರಳಿಗೆ ಒಂದು ಚೂರು ಸಿಬಿರಿಲ್ಲ. ಇವರು ತಿರುಗಿಸಿ ತಿರುಗಿಸಿ ನೋಡಿ "ನಿಮ್ಮಣ್ಣಂಗೆ ಚಿನ್ನದ ಕೆಲ್ಸ ಕಲಿಸ್ಬೋದು" ಅಂದರು. ನನಗೆ ಹೆಮ್ಮೆಯಾಯಿತು.

ಆದರೆ ಹಾಕಿಕೊಂಡು ನಿಂತರೆ ಬಾಗಬೇಕು. ಸಂತೆಯವರೆಗೆ ಹೋಗಿ ಬರುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತು. ದಾರ ತೆಗೆದು ಹಿಡಿದು ನೋಡಿದೆ. ಎರಡು ಬೆರಳು ಕಡಿಮೆ. ನೀನು ಅಳತೆ ತಪ್ಪಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ನಿನಗೆ ಕಳಿಸಿದ ದಾರವನ್ನು ನಾನೇ ಅವಸರದಲ್ಲಿ ಗಿಡ್ಡ ಕತ್ತರಿಸಿದೆನೋ ಏನೋ. ನಿನ್ನ ಹತ್ತಿರ ಆ ದಾರ ಇನ್ನೂ ಇದ್ದರೆ ಒಂದು ಸಲ ನೋಡಿ ಬರೆ. ತಪ್ಪು ನನ್ನದೇ ಆದರೆ ಬೈಸಿಕೊಳ್ಳುತ್ತೇನೆ.

ರಾಧಾ


ಗಂಜಾಂ
೨೭-೧೧-೧೯೯೪

ರಾಧಾಮಣಿಗೆ ಆಶೀರ್ವಾದ.

ದಾರ ನೋಡಿದೆ. ಕೋಲು ಅದಕ್ಕೆ ಸರಿಯಾಗಿದೆ. ನೀನೇ ಬಗ್ಗಿ ನಿಂತು ಅಳತೆ ತೆಗೆದಿರಬೇಕು. ಪರವಾಗಿಲ್ಲ, ನಾಲ್ಕು ದಿನ ಹಾಕಿಕೊಂಡರೆ ಮೈ ಹೊಂದಿಕೊಳ್ಳುತ್ತದೆ. ಹೊಸ ಚಪ್ಪಲಿಯೂ ಮೊದಲು ಕಚ್ಚುವುದಿಲ್ಲವೇ? ಹಳೆಯದನ್ನು ಇಟ್ಟುಕೊಳ್ಳಬೇಡ, ಒಲೆಗೆ ಹಾಕಿಬಿಡು. ಎರಡೆರಡು ಕೋಲು ಕಣ್ಣಿಗೆ ಬಿದ್ದರೆ ಅತ್ತೆಗೆ ಚೆನ್ನಾಗಿ ಕಾಣುವುದಿಲ್ಲ.

ಮೌನೇಶ


ದೇವಲಾಪುರ
೧೨-೨-೧೯೯೫

ಅಣ್ಣನಿಗೆ.

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಬಲಗೈಗೆ ಹಾಕಿದ್ದ ಪ್ಲಾಸ್ಟರು ಪಟ್ಟಿ ಮೊನ್ನೆ ತಾನೆ ಬಿಚ್ಚಿದರು.

ಸಂಕ್ರಾಂತಿ ಕಳೆದು ಮೂರನೇ ದಿನ ಬಚ್ಚಲ ಮೆಟ್ಟಿಲಲ್ಲಿ ಬಿದ್ದೆ. ಕೋಲು ಕೆಳಗಿನ ಮೆಟ್ಟಿಲಿಗೆ ಎಟುಕಲಿಲ್ಲ. ಎಟುಕಿತು ಅಂತ ಭಾರ ಬಿಟ್ಟೆ. ಎರಡು ಬೆರಳು ಅಣ್ಣ, ಅಷ್ಟೇ ಅಂತರ. ಮಣಿಕಟ್ಟು ಮುರಿಯಿತು.

ನಾಗಮಂಗಲದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಭಾರೀ ಜನ. ಡಾಕ್ಟರು ನನ್ನ ಕೈ ಹಿಡಿದು ನೋಡುತ್ತಾ ಕಾಲಿಗೇನಾಗಿದೆ ಅಂತ ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಹೇಳಿದರು: "ಮದ್ವೆಗ್ ಮೂರ್ ತಿಂಗ್ಳು ಮುಂಚೆ ಬಾವಿ ಮೆಟ್ಲಲ್ಲಿ ಬಿದ್ದು ಮುರ್ಕಂಡಿದ್ಲು ಸಾ. ಪಟ್ಟಿ ಕಟ್ಟಿ ಕಾಲು ಸಣ್ಣಗಾಗದೆ. ಯುಗಾದಿ ಒತ್ಗೆ ಕೋಲು ಬುಡ್ತಾಳೆ ಅಂತ ಅವ್ರಣ್ಣ ಏಳವ್ನೆ." ಡಾಕ್ಟರಿಗೆ ಅವಸರ, ಹೂಂ ಅಂದು ಕೈಗೆ ಪಟ್ಟಿ ಹಾಕಿ ಕಳಿಸಿದರು.

ನನಗೆ ಕೈ ನೋವು ಮರೆತೇಹೋಯಿತು. ಯಾವ ಬಾವಿ ಅಣ್ಣ? ನಾನು ಯಾವತ್ತು ಬಾವಿಗೆ ಬಿದ್ದೆ?

ಹೆಣ್ಣು ನೋಡಲು ಬಂದ ದಿನ ನೀನು ನನ್ನ ಕಾಲಿಗೆ ಬಿಗಿಯಾಗಿ ಬಟ್ಟೆ ಪಟ್ಟಿ ಸುತ್ತಿದೆ. ಯಾಕೆ ಅಂತ ಕೇಳಿದ್ದಕ್ಕೆ "ಸಣ್ಣ ಕಾಲು ಅವರ ಕಣ್ಣಿಗೆ ಹೊಡೆಯಬಾರದು" ಅಂದೆ. ಪಾಪ, ನನ್ನ ಮಾನ ಕಾಯುತ್ತಿದ್ದಾನೆ ಅಂದುಕೊಂಡೆ. ಅವರು ಬರುವ ಮುಂಚೆಯೇ ಚಾಪೆಯ ಮೇಲೆ ಕೂರಿಸಿದೆ. ಧಾರೆಯ ದಿನ ಸೋದರಮಾವನೇ ಎತ್ತಿಕೊಂಡು ಹೋಗುವುದು ಶಾಸ್ತ್ರ ಅಂದೆ. ಎಲ್ಲದಕ್ಕೂ ಹೂಂ ಅಂದೆ ನಾನು.

ಒಂದು ತಿಂಗಳಾಯಿತು, ಮನೆಯಲ್ಲಿ ಬಾಯಿ ಬಿಟ್ಟಿಲ್ಲ. ಎಣ್ಣೆ ತಿಕ್ಕುವಾಗ ಅತ್ತೆಯ ಮುಖ ನೋಡಲು ಆಗುವುದಿಲ್ಲ. ಮೊದಲು ನಿನ್ನ ಬಾಯಿಂದ ಕೇಳಬೇಕು. ಇವರಿಗೆ ನೀನು ಏನು ಹೇಳಿದೆ? ಉತ್ತರ ಬರೆ. ಮರ ಹಸಿ ಇದೆ ಅಂತ ಬರೆಯಬೇಡ.

ರಾಧಾಮಣಿ


ಗಂಜಾಂ
೨೬-೨-೧೯೯೫

ಪ್ರೀತಿಯ ತಂಗಿ ರಾಧಾಗೆ.

ನಿನ್ನ ಕೈ ಹೇಗಿದೆ? ಮೂರು ದಿನ ನಾನು ಉಳಿ ಹಿಡಿಯಲಿಲ್ಲ.

ಹೌದು, ಹೇಳಿದೆ. ಇನ್ನೇನು ಮಾಡಬೇಕಿತ್ತು? ಹನ್ನೊಂದು ಕಡೆಯವರು ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಕೋಲು ನೋಡಿ ಎದ್ದುಹೋದರು. ಒಬ್ಬನಂತೂ ಬೀದಿ ದಾಟುವ ಮೊದಲೇ ನಕ್ಕ. ಒಳಗೆ ನೀನು ಕೇಳಿಸಿಕೊಂಡೆ. ಹನ್ನೆರಡನೆಯವರು ಬಂದಾಗ ನನ್ನ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಒಂದು ಸಲ ಹೇಳಿದ ಮೇಲೆ ವಾಪಸ್ಸು ತೆಗೆದುಕೊಳ್ಳುವುದು ಹೇಗೆ?

ಕೋಲನ್ನೂ ನಾನೇ ಗಿಡ್ಡ ಮಾಡಿದ್ದು. ನಿನ್ನ ದಾರ ಸರಿಯಾಗಿಯೇ ಇತ್ತು. ಬಾಗಿಲು ಬಿಗಿಯಾದರೆ ದಿನಾ ಒಂದೊಂದು ಎಳೆ ಉಜ್ಜಿ ಸರಿಮಾಡುವುದಿಲ್ಲವೇ, ಹಾಗೆ ಕೋಲು ಸ್ವಲ್ಪ ಸ್ವಲ್ಪ ಗಿಡ್ಡವಾದರೆ ಕಾಲಿಗೆ ಭಾರ ಬಿದ್ದು ಬಲ ಬರುತ್ತದೆ ಅಂದುಕೊಂಡೆ. ಮುಂದಿನ ಸಲ ಇನ್ನೆರಡು ಬೆರಳು ಕಡಿಮೆ ಮಾಡಬೇಕು ಅಂತಿದ್ದೆ. ನಾನು ಆಡಿದ ಮಾತು ನಿಜವಾದರೆ ಸಾಕಾಗಿತ್ತು ರಾಧಾ. ದೇವರಾಣೆ ನಿನಗೆ ಕೆಟ್ಟದ್ದು ಬಯಸಲಿಲ್ಲ.

ಈಗ ಬುದ್ಧಿವಂತಿಕೆಯಿಂದ ಇರು. ಒಂದು ಲೆಕ್ಕದಲ್ಲಿ ನೀನು ಬಿದ್ದದ್ದೂ ಒಳ್ಳೆಯದೇ ಆಯಿತು. ಹೀಗೆ ಬಿದ್ದಾಗ ಕಾಲಿಗೂ ಮತ್ತೆ ಪೆಟ್ಟಾಯಿತು, ಇನ್ನು ಸರಿಹೋಗುವುದಿಲ್ಲವಂತೆ ಅಂತ ಅತ್ತೆಗೆ ಹೇಳಿಬಿಡು. ಬಿದ್ದದ್ದು ಅವರ ಮನೆಯಲ್ಲೇ, ಇನ್ನು ಯಾರೂ ನಮ್ಮನ್ನು ಕೇಳುವ ಹಾಗಿಲ್ಲ. ನಿನ್ನ ಬಾಳು ನೆಟ್ಟಗಾಗುತ್ತದೆ. ಈ ಕಾಗದ ಓದಿ ಹರಿದು ಹಾಕು.

ನಿನ್ನ ಅಣ್ಣ


ದೇವಲಾಪುರ
೧೯-೩-೧೯೯೫

ಮೌನೇಶಣ್ಣನಿಗೆ.

ಹರಿಯಲಿಲ್ಲ. ಗಟ್ಟಿಯಾಗಿ ಓದಿದೆ.

ಎರಡು ದಿನ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ನೀನು ಹೇಳಿಕೊಟ್ಟ ಸುಳ್ಳನ್ನು ನಾಲಿಗೆಯ ಮೇಲೂ ತಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಶುಕ್ರವಾರ ಅತ್ತೆ ಎಣ್ಣೆಯ ಬಟ್ಟಲು ತಂದು ಕಾಲ ಹತ್ತಿರ ಕೂತರು. ಅರುವತ್ತು ದಾಟಿದವರು, ಸೊಂಟ ಹಿಡಿದುಕೊಂಡು ಕೂತರು. ಆಗ ತಡೆಯಲಾಗಲಿಲ್ಲ. ಇವರನ್ನೂ ಒಳಗೆ ಕರೆದು ನಿನ್ನ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದೆ.

ಅತ್ತೆ ಬಟ್ಟಲು ಎತ್ತಿ ಗೋಡೆಗೆ ಎಸೆದರು. "ಒಂದೊರ್ಸ ತಿಕ್ಸ್ಕಂಡೆಯಲ್ಲವ್ವ! ಒಂದಿನಾನಾರ ಏಳ್ಬಾರ್ದಿತ್ತಾ?" ಅಂದರು. "ನಿಮಗೆ ಎಲ್ಲಾ ಗೊತ್ತು ಅಂತ ತಿಳ್ಕಂಡಿದ್ದೆ ಅತ್ತೆ" ಅಂದೆ. ಅವರು ನಂಬಲಿಲ್ಲ. ಇವರು ನಿನ್ನ ಹಳೆಯ ಕಾಗದಗಳನ್ನೆಲ್ಲ ಕೇಳಿ ಇಸಿದುಕೊಂಡು ಜಗಲಿಯಲ್ಲಿ ಓದಿದರು. ಹಳೆಯ ಕಥೆ ಅವರ ಮುಂದೆ ತೆಗೆಯಬೇಡ ಅಂತ ನೀನು ಜುಲೈಯಲ್ಲಿ ಬರೆದಿದ್ದೆಯಲ್ಲ, ಅದರ ಮೇಲೆ ಬೆರಳಿಟ್ಟು "ಇದೇನು?" ಅಂದರು. ಆಮೇಲೆ ಅಂದರು: "ಮೊದ್ಲೇ ಏಳಿದ್ರೆ ಒಪ್ತಿದ್ನೋ ಇಲ್ವೋ ನಂಗೂ ಗೊತ್ತಿಲ್ಲ. ಆದ್ರೆ ನನ್ನ ಕೇಳ್ಬೇಕಾಗಿತ್ತು."

ಮೊನ್ನೆ ನಾಗಮಂಗಲದಲ್ಲಿ ಅಂಗವಿಕಲರಿಗೆ ಕೋಲು, ಗಾಡಿ ಕೊಡುವ ಶಿಬಿರ ಇತ್ತು. ಇವರೇ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂರಲಿಲ್ಲ. ಅಲ್ಯೂಮಿನಿಯಂ ಕೋಲು ಕೊಟ್ಟರು. ಕೆಳಗೆ ಸಾಲಾಗಿ ತೂತುಗಳಿವೆ, ಗುಂಡಿ ಒತ್ತಿ ನಮಗೆ ಬೇಕಾದ ಉದ್ದಕ್ಕೆ ನಾವೇ ನಿಲ್ಲಿಸಿಕೊಳ್ಳಬಹುದು. ನಿನ್ನ ಕೆಲಸದಷ್ಟು ಚೆಂದವಿಲ್ಲ. ಆದರೆ ನೆಟ್ಟಗೆ ನಿಂತಿದ್ದೇನೆ.

ನೀನು ಅವರಿಗೆ ಮೋಸ ಮಾಡಿದ್ದನ್ನು ಅವರು ಕೇಳಿಕೊಳ್ಳುತ್ತಾರೆ. ನನ್ನ ಸಂಕಟ ಬೇರೆ. ನಿನ್ನ ಜೊತೆ ಸೇರಿ ನಾನೂ ನಾಟಕ ಆಡಿದೆ ಅಂತ ಈ ಮನೆಯಲ್ಲಿ ತಿಳಿದುಕೊಂಡಿದ್ದಾರೆ. ನಾನು ಬೇಯಿಸಿದ್ದನ್ನು ಉಣ್ಣುತ್ತಾರೆ, ನನ್ನ ಜೊತೆ ಮಾತಾಡುವುದಿಲ್ಲ. ಹೀಗೆ ಎಷ್ಟು ದಿನ ಇರಲಿ?

೨೭ನೇ ತಾರೀಕು ಸೋಮವಾರ ಅತ್ತೆಯನ್ನು ಕರೆದುಕೊಂಡು ನಿನ್ನ ಮನೆಗೆ ಬರುತ್ತೇನೆ. ನೀನು ಅವರ ಮುಂದೆ ಒಂದು ಮಾತು ಹೇಳಬೇಕು: ರಾಧಾಮಣಿಗೆ ಏನೂ ಗೊತ್ತಿರಲಿಲ್ಲ, ಎಲ್ಲವೂ ನನ್ನದೇ ಕೆಲಸ. ಬೈದರೆ ಬೈಸಿಕೋ. ನಿನ್ನಿಂದ ನಾನು ಇನ್ನೇನೂ ಕೇಳುವುದಿಲ್ಲ ಅಣ್ಣ. ದಮ್ಮಯ್ಯ, ಇದೊಂದು ಮಾಡು.

ರಾಧಾಮಣಿ


ಗಂಜಾಂ
೨೫-೩-೧೯೯೫

ರಾಧಾಮಣಿಗೆ ಆಶೀರ್ವಾದ. ನಿನ್ನ ಕಾಗದ ತಲುಪಿತು. ಕೆ.ಆರ್. ಪೇಟೆ ಕಡೆ ಬೂಕನಕೆರೆಯಲ್ಲಿ ಅವಸರದ ಬಾಗಿಲ ಕೆಲಸ ಬಂದಿದೆ. ನಾಳೆ ಹೊರಟು ಹಬ್ಬ ಮುಗಿಸಿಕೊಂಡೇ ಬರುವುದು. ಸೋಮವಾರ ಮನೆಯಲ್ಲಿ ಯಾರೂ ಇರುವುದಿಲ್ಲ. ಅತ್ತೆಯವರಿಗೆ ಸುಮ್ಮನೆ ತೊಂದರೆ ಕೊಡಬೇಡ. ಮುಂದೆ ನೋಡೋಣ.
ಮೌನೇಶ


ದೇವಲಾಪುರ
೨೯-೩-೧೯೯೫

ಮೌನೇಶ್ ಅವರಿಗೆ.

ನಿಮ್ಮ ಕಾರ್ಡು ಇವತ್ತು ಬುಧವಾರ ಬಂತು. ನಾವು ಸೋಮವಾರವೇ ಬಂದು ಹೋದೆವು.

ಎರಡು ಬಸ್ಸು ಬದಲಾಯಿಸಿ ಮಧ್ಯಾಹ್ನ ಹನ್ನೆರಡಕ್ಕೆ ಗಂಜಾಂ ತಲುಪಿದೆವು. ಬಾಗಿಲಿಗೆ ಬೀಗ. ಅತ್ತೆಗೆ ಬಿಸಿಲಿಗೆ ತಲೆ ಸುತ್ತುತ್ತಿತ್ತು, ಜಗಲಿಯ ಮೇಲೆ ಕೂರಿಸಿದೆ. ನಾನು ಕಿಟಕಿಯ ಹತ್ತಿರ ನಿಂತೆ. ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮಿದ್ದು. ಮರದ ಹೊಟ್ಟು ಕುಡಿದು ಕುಡಿದು ಬಂದ ಆ ಕೆಮ್ಮನ್ನು ಕೇಳುತ್ತಲೇ ನಾನು ಬೆಳೆದವಳು. ಹೊರಗಿನಿಂದ ಬೀಗ ಹಾಕಿಸಿಕೊಂಡು ಸ್ವಂತ ಮನೆಯಲ್ಲಿ ಕಳ್ಳನ ಹಾಗೆ ಕೂತಿದ್ದಿರಿ. ಹನ್ನೊಂದು ಜನ ಎದ್ದುಹೋದಾಗಲೂ ನನಗೆ ಅಷ್ಟು ಅವಮಾನ ಆಗಿರಲಿಲ್ಲ.

ಬೀದಿಯವರು ಒಬ್ಬೊಬ್ಬರೇ ಬಂದು ಯೋಗಕ್ಷೇಮ ಕೇಳಿದರು. ನಾನು ಬಾಗಿಲಿಗೆ ಒರಗಿ ನಿಂತು ಜೋರಾಗಿ ಹೇಳಿದೆ. ನನಗೆ ಎರಡು ವರ್ಷಕ್ಕೆ ಪೋಲಿಯೋ ಆದದ್ದು, ನಾನು ಯಾವ ಬಾವಿಗೂ ಬೀಳದೆ ಇದ್ದದ್ದು, ನನಗೆ ತಿಳಿಯದ ಹಾಗೆ ನೀವು ಸುಳ್ಳು ಹೇಳಿ ಮದುವೆ ಮಾಡಿದ್ದು, ಕೋಲು ಗಿಡ್ಡ ಮಾಡಿದ್ದು, ಎಲ್ಲವನ್ನೂ. ಎದುರು ಮನೆಯ ಚಿಕ್ಕಮ್ಮಜ್ಜಿ "ನಮ್ ಕಣ್ಮುಂದೆ ಬೆಳ್ದ ಮಗ, ಚಿಕ್ಕೋಳಿದ್ದಾಗಿಂದ ಕುಂಟ್ತಾವ್ಳೆ, ಬಾವಿ ಎಲ್ ಬಂತು?" ಅಂದಳು. ಅತ್ತೆ ಎದ್ದು ಬಂದು ಬೀಗವನ್ನು ಹಿಡಿದು ಎಳೆದು ನೋಡಿದರು. ಆಮೇಲೆ "ನಂಗೊಬ್ಳಿಗೇ ಟೋಪಿ ಆಕವ್ನೆ ಅಂದ್ಕಂಡಿದ್ದೆ. ನಿಂಗೂ ಆಕವ್ನೆ ಕಣವ್ವ" ಅಂದರು. ಹತ್ತಿರ ಹತ್ತಿರ ಒಂದು ತಿಂಗಳ ಮೇಲೆ ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದು.

ನಾಳೆ ಏನಾಗುತ್ತದೋ ಗೊತ್ತಿಲ್ಲ. ಇವರು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ನಿಮ್ಮ ಮನೆಗಂತೂ ನಾನು ಬರುವುದಿಲ್ಲ, ಕಾಗದ ಹಾಕಬೇಡಿ.

ಹೊರಟು ನಾಲ್ಕು ಹೆಜ್ಜೆ ಇಟ್ಟಿದ್ದೆವು, ನೀವು ಮತ್ತೆ ಕೆಮ್ಮಿದಿರಿ. ಅತ್ತೆ ತಿರುಗಿ ನಿಂತು "ಒಳ್ಗೆ ಯಾರಾರ ಅವ್ರಾ?" ಅಂತ ಕೇಳಿದರು. "ಇಲ್ಲ ಅತ್ತೆ, ಪಕ್ಕದ ಮನೆಯೋರು" ಅಂದೆ. ಈ ಮನೆಯವರಿಗೆ ನಾನು ಹೇಳಿದ ಸುಳ್ಳು ಅದೊಂದೇ.

ರಾಧಾಮಣಿ